ಕುಂಚಿಗೆ ತೊಟ್ಟ ಆಂಪ್ಲಿಫೈಯರು

ನಮ್ಮ ಪಲ್ಲವಿ ಮಾಡಿದ ಆಂಪ್ಲಿಫೈಯರು ಮಾತಾಡಿತು! ಅದೂ ತೀರಿಹೋದ ನಮ್ಮ ಮನೆಯವರ ದನಿಯಲ್ಲಿ. ಮಸ್ಕಿಯ ನಮ್ಮ ಓಣಿಯಲ್ಲಿ ಎದುರಾದವರಿಗೆಲ್ಲ ಇದನ್ನೇ ಹೇಳಿ ಹೇಳಿ, ಈಗ ನನ್ನನ್ನು ದೂರದಿಂದ ಕಂಡರೇ ಜನ ದಾರಿ ಬದಲಿಸುತ್ತಾರೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ, ನೀವು ಓಡಿಹೋಗಲಾರಿರಿ.

ನಾನು ಓದಿದ್ದು ಮೂರನೆಯ ಇಯತ್ತೆ. ಮೊಮ್ಮಗಳು ಪಲ್ಲವಿ ದಿನಾ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ ಡಿಪ್ಲೊಮಾ ಓದುತ್ತಾಳೆ. ತುರ್ವಿಹಾಳದಲ್ಲಿ ಮಗನ ಮದುವೆಯಾದಾಗ ಯಾರೋ ತುಂಬಿಕೊಂಡ ಒಂದು ಕ್ಯಾಸೆಟ್ಟು ಮನೆಯಲ್ಲಿತ್ತು. ನಮ್ಮವರ ದನಿ ಉಳಿದಿರುವುದು ಅದೊಂದರಲ್ಲೇ. ಹಳೆಯ ಟೇಪಿನಲ್ಲಿ ಹಾಕಿದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟೇ ಕೇಳುತ್ತಿತ್ತು. ಪಲ್ಲವಿ ಅದಕ್ಕೊಂದು ಆಂಪ್ಲಿಫೈಯರು ಮಾಡಿ ಜೋಡಿಸಿದಳು. ಆವತ್ತು ಬೆಳಿಗ್ಗೆ ಗುಂಡಿ ಒತ್ತಿದರೆ, ಪಡಸಾಲೆಯಲ್ಲೇ ನಿಂತು ಕರೆದಂತೆ, "ಎಲ್ಲಾರೂ ಊಟಕ್ಕ ಬರ್ರಿ. ಆಕಿ ಎಲ್ಲದಾಳ? ಆಕಿನ್ನೂ ಕರೀರಿ, ಹೊತ್ತಾತು!" ಎಂದರು. ಆಕಿ ಎಂದರೆ ನಾನು. ನಲವತ್ತು ಜನರ ನಡುವೆ ನನ್ನನ್ನೇ ಹುಡುಕಿದ್ದರು.

ಪಲ್ಲವಿ ಕಾಲೇಜಿಗೆ ಹೋದಳು. ಮಗ, ಸೊಸೆ ಸಿಂಧನೂರಿಗೆ ಹೋದರು. ನಾನು ಅದನ್ನೇ ಮತ್ತೆ ಮತ್ತೆ ಹಚ್ಚಿ ಕೇಳುತ್ತಾ ಕೂತೆ. ಇಷ್ಟು ಚೆಂದದ ವಸ್ತುವಿಗೆ ದೃಷ್ಟಿಯಾದೀತೆಂದು, ಪಲ್ಲವಿ ಕೂಸಾಗಿದ್ದಾಗ ತಲೆ, ಬೆನ್ನು ಮುಚ್ಚುವಂತೆ ಹಾಕುತ್ತಿದ್ದ ಕುಂಚಿಗೆಯನ್ನು ಪೆಟ್ಟಿಗೆಯಿಂದ ತೆಗೆದು ಅದಕ್ಕೆ ತೊಡಿಸಿದೆ. ಒಂದು ಕಾಡಿಗೆ ಬೊಟ್ಟನ್ನೂ ಇಟ್ಟೆ.

ಮಧ್ಯಾಹ್ನದ ಹೊತ್ತಿಗೆ ದನಿ ಕೆಟ್ಟಿತು. ಮಾತು ಅವೇ. ಆದರೆ ಯಾರೋ ಕುತ್ತಿಗೆ ಹಿಸುಕಿದಂತೆ, ಮಣ್ಣಿನೊಳಗಿಂದ ಬಂದಂತೆ: "ಆಕಿ... ಎಲ್ಲ... ದಾಳ... ಕರೀ..." ಟೇಪು ನಿಲ್ಲಿಸಿದೆ. ಆದರೂ ಕುಂಚಿಗೆಯೊಳಗೆ ಏನೋ ಸಣ್ಣಗೆ ನರಳುತ್ತಿತ್ತು. ಮುಟ್ಟಿದರೆ ಜ್ವರ ಬಂದವರ ಮೈಯಂತೆ ಬಿಸಿ!

ಪಕ್ಕದ ಮನೆಯ ಹುಸೇನಮ್ಮ ಬಂದು ಕಿವಿಗೊಟ್ಟಳು. ಬಾಗಿಲ ಹೊರಗೇ ನಿಂತು, "ಯಕ್ಕಾ, ನಿನ್ನ ಕರಿಯಾಕತ್ಯಾರ. ಹಸಿದಾರ ಕಾಣ್ತದ, ಮೊದ್ಲ ಎಡಿ ಹಿಡಿ" ಎಂದಳು.

"ನೀನೂ ಒಳಗ ಬಾರಲೇ."

"ನನ್ನ ಹೆಸರು ಹೇಳಿಲ್ಲಲ್ಲ ಅವರು!"

ನಾನೇ ರೊಟ್ಟಿ, ಪುಂಡಿಪಲ್ಯೆ ಇಟ್ಟು, "ನನ್ನ ಇನ್ನೊಂದೀಟು ದಿನ ಇಲ್ಲೇ ಬಿಡ್ರಿ, ಪಲ್ಲವಿ ಪರೀಕ್ಷಿ ಮುಗೀಲಿ" ಎಂದು ಬೇಡಿಕೊಂಡೆ. ನರಳಾಟ ನಿಲ್ಲಲಿಲ್ಲ.

ಸಂಜೆ ಬಂದ ಪಲ್ಲವಿ ಕುಂಚಿಗೆ ನೋಡಿದಳು, ರೊಟ್ಟಿ ನೋಡಿದಳು. "ಅಜ್ಜಿ, ಇದೇನು ಕೂಸೇನು? ಬಟ್ಟಿ ಹೊಚ್ಚಿ ಕುದಿಸಿಬಿಟ್ಟೀಯಲ್ಲ! ಟೇಪು ನಿಲ್ಲಿಸಿ ಇದನ್ನ ಆರಿಸದ ಬಿಟ್ಟೀ, ಅದಕ್ಕ ನರಳಾಕತ್ತದ" ಎಂದು ಕುಂಚಿಗೆ ಕಿತ್ತಳು. ಆಮೇಲೆ ಕೇಳಿದಳು: "ತೊಟ್ಟಿಲ ಎಲ್ಲಿ ಕಟ್ತೀ?"

"ನಡು ಮನ್ಯಾಗ."

"ಗೋಡಿ ಹತ್ರ ಕಟ್ಟಿದ್ರ?"

"ತೂಗಿದಾಗ ಒಂದು ಕಡೆ ಬಡೀತದ."

"ಟ್ರಾನ್ಸಿಸ್ಟರ್‌ನೂ ಹಂಗ. ದನಿ ಆ ಕಡೆ ಈ ಕಡೆ ತೂಗಬೇಕಂದ್ರ ಅದನ್ನ ನಟ್ಟನಡುವ ನಿಲ್ಲಿಸಬೇಕು. ನಾ ನಡುವನ ನಿಲ್ಲಿಸಿದ್ದೆ. ಬಿಸಿಗೆ ಕಾಯ್ದು ಕಾಯ್ದು ಗೋಡಿಗೆ ಸರದದ. ಅದಕ್ಕ ಅಜ್ಜನ ಮಾತು ಅರ್ಧಕ್ಕರ್ಧ ಜಜ್ಜಿ ಹೋಗ್ಯಾವ."

ತಪ್ಪು ತನ್ನದೂ ಇದೆ ಎಂದು, ಬಿಸಿಯಾದರೂ ಜಾಗ ಬಿಡದಂತೆ ಟ್ರಾನ್ಸಿಸ್ಟರಿನ ಒಂದು ಕಾಲಿಗೆ ಸಣ್ಣ ರೆಸಿಸ್ಟರು ಬೆಸೆದಳು. ಮೀಟರು ಹಿಡಿದು, ಪುಟ್ಟ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಹನ್ನೆರಡು ವೋಲ್ಟಿನ ನಡುವೆ ಆರಕ್ಕೆ ತಂದು ನಿಲ್ಲಿಸಿದಳು. ನನಗೆ ಮೀಟರು ತಿಳಿಯದು, ತೊಟ್ಟಿಲು ತಿಳಿಯಿತು.

ರಾತ್ರಿ ಊಟಕ್ಕೆ ಎಲ್ಲರೂ ಸುತ್ತ ಕೂತೆವು. ಹುಸೇನಮ್ಮನೂ ಧೈರ್ಯ ಮಾಡಿ ಹೊಸ್ತಿಲವರೆಗೆ ಬಂದಳು. ಪಲ್ಲವಿ ಗುಂಡಿ ಒತ್ತಿದಳು. ದನಿ ತಿಳಿಯಾಗಿ, ಬೆನ್ನ ಹಿಂದೆಯೇ ನಿಂತಷ್ಟು ಹತ್ತಿರದಿಂದ ಬಂತು: "ಆಕಿ ಎಲ್ಲದಾಳ? ಆಕಿನ್ನೂ ಕರೀರಿ, ಹೊತ್ತಾತು!"

ಸೊಸೆಯ ಕೈಯ ರೊಟ್ಟಿ ಅಲ್ಲೇ ನಿಂತಿತು. ಎಲ್ಲರೂ ನನ್ನನ್ನೇ ನೋಡಿದರು.

"ಉಣ್ಣಾಕತ್ತೀನ್ರಿ!" ಎಂದು ನಾನು ಆಂಪ್ಲಿಫೈಯರಿಗೆ ಕೂಗಿ ಹೇಳಿದೆ. "ಅವಸರ ಮಾಡಬ್ಯಾಡ್ರಿ!"

ಮನೆಯೆಲ್ಲ ನಕ್ಕಿತು. ನಾನೂ ನಗುತ್ತಾ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ತಟ್ಟೆ ಬೇಗ ಖಾಲಿ ಮಾಡುವ ಧೈರ್ಯ ಮಾತ್ರ ಬರಲಿಲ್ಲ.