ಇಪ್ಪತ್ತು ಲೀಟರ್ ಸಮುದ್ರ

ಪದ್ಮಜಾ ಟೀಚರ್ ಹೇಳಿದ್ದು ಇಷ್ಟೇ: "ಮಾಂತೇಶ, ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪು. ಇಪ್ಪತ್ತು ಲೀಟರಿಗೆ ಏಳ್ನೂರು. ಅಷ್ಟಾದ್ರ ಸಮುದ್ರ ತಯಾರು."

ಒಂಬತ್ತನೇ ಇಯತ್ತೆಗೇ ಸಾಲಿ ಬಿಟ್ಟು ಪೈಪು ಜೋಡಿಸುವ ಕೆಲಸ ಮಾಡಿಕೊಂಡಿದ್ದ ಮಾಂತೇಶ ಬಂಗಾರ ತೂಗುವವನ ಹಾಗೆ ಉಸಿರು ಬಿಗಿಹಿಡಿದು ಉಪ್ಪು ತೂಗಿ, ಗಾಜಿನ ತೊಟ್ಟಿಗೆ ಸುರುವಿದ. ಮುರಗೋಡದ ಆ ಹೈಸ್ಕೂಲಿನಲ್ಲಿ ಲ್ಯಾಬ್ ಸಹಾಯಕನ ಕೆಲಸ ಖಾಲಿ ಇತ್ತು. ವಿಜ್ಞಾನ ಮೇಳದಲ್ಲಿ ಅವನ ಮಾದರಿ ನಡೆದರೆ ಕೆಲಸ ಅವನಿಗೇ ಎಂದು ಶಾಲಾ ಸಮಿತಿಯ ಅಧ್ಯಕ್ಷ ವೀರಪ್ಪನವರು ಮಾತು ಕೊಟ್ಟಿದ್ದರು.

ಮಾದರಿ ಸಣ್ಣದೇನಲ್ಲ. ಕಡಲ ತಳದ ಬಿಸಿನೀರ ಬುಗ್ಗೆ! ಬಿರುಕಿನೊಳಗೆ ಇಳಿದ ನೀರು ಕೆಂಡದಂಥ ಬಂಡೆಗೆ ಕಾಯ್ದು, ಕಬ್ಬಿಣ ತಾಮ್ರ ಗಂಧಕ ಕರಗಿಸಿಕೊಂಡು ಮೇಲೆ ನುಗ್ಗುತ್ತದೆ. ತಣ್ಣನೆ ಸಮುದ್ರ ತಾಗಿದ್ದೇ ತಡ, ಅದೆಲ್ಲ ಕರಿ ಪುಡಿಯಾಗಿ ಹೊಗೆಯ ಹಾಗೆ ಏಳುತ್ತದೆ. ಮಾಂತೇಶ ತೊಟ್ಟಿಯಲ್ಲಿ ಮಣ್ಣಿನ ಚಿಮಣಿ ನಿಲ್ಲಿಸಿ, ಕೆಳಗೆ ನಲ್ಲಿ ಕೂಡಿಸಿದ ನಳಿಗೆ ಜೋಡಿಸಿದ್ದ. ತೊಟ್ಟಿಯದೇ ಉಪ್ಪುನೀರು ಕುದಿಸಿ, ಕರಿ ಶಾಯಿ ಕಲಸಿ ಅದರೊಳಗೆ ಬಿಟ್ಟರೆ ಮುಗಿಯಿತು.

ಜವಾನ ಹನುಮಪ್ಪ ಬಂದು ತೊಟ್ಟಿಗೆ ಬೆರಳು ಅದ್ದಿ ನೆಕ್ಕಿದ.

"ಸಪ್ಪಗ ಐತಲೋ ತಮ್ಮಾ! ನಾ ಗೋಕರ್ಣದಾಗ ಮುಳುಗಿ ಎರಡ ಗುಟುಕ ಕುಡದ ಬಂದೇನಿ, ನನಗ ಹೇಳ್ತಿಯೇನ?"

"ಕಾಕಾ, ಕೈ ತಗೀರಿ! ಇದ ಲೆಕ್ಕದ ನೀರ!"

ಹನುಮಪ್ಪ ನೆಟ್ಟಗೆ ಹೋಗಿ ಬಿಸಿಯೂಟದ ಸಿದ್ದಲಿಂಗವ್ವನಿಗೆ ದೂರು ಕೊಟ್ಟ. ಮಾಂತೇಶ ತೊಟ್ಟಿಯಿಂದ ತೆಗೆದ ನೀರನ್ನು ಚಹಾದಂಗಡಿಯಲ್ಲಿ ಕುದಿಸುತ್ತಿದ್ದಾಗ ಆಕೆ ಬಂದು ತೊಟ್ಟಿಗೆ ಒಂದು ಬಟಾಟಿ ಬಿಟ್ಟಳು. ಅದು ಕಲ್ಲಿನಂತೆ ತಳ ಸೇರಿತು.

"ಅಯ್ಯ ನನ್ನ ಶಿವನ! ಬಟಾಟಿ ತೇಲದ ನೀರಿನಾಗ ಉಪ್ಪಿನಕಾಯಿನ ಉಳಿಯೂದಿಲ್ಲ, ಸಮುದ್ರ ಹೆಂಗ ಉಳದೀತು?"

ಎರಡು ಕಿಲೋ ಉಪ್ಪು ಸುರುವಿ ಸೌಟಿನಿಂದ ತಿರುವಿದಳು. ಮಾಂತೇಶ ಬಂದಾಗ ಬಟಾಟಿ ಕೆರೆಯೊಳಗಿನ ಎಮ್ಮೆಯ ಹಾಗೆ ಸುಖವಾಗಿ ತೇಲುತ್ತಿತ್ತು.

"ಯವ್ವಾ! ನನ್ನ ನೌಕರಿ ಕೆಡಿಸಿದೆಲ್ಲ!"

"ಉಪ್ಪ ಹಾಕಿದ್ದ ಎಂದಾರ ಕೆಡತೈತೇನೋ?"

ಚೆಲ್ಲಿ ತುಂಬೋಣವೆಂದರೆ ನಳದ ನೀರು ಬರುವುದು ನಾಳೆ. ಮೇಳಕ್ಕೆ ಹತ್ತಕ್ಕೆ ಬರಬೇಕಿದ್ದ ವೀರಪ್ಪನವರು ಹನ್ನೆರಡಕ್ಕೆ ಬಂದು, ಶಾಲು ಹೊದ್ದು, ಅರ್ಧ ತಾಸು ಭಾಷಣ ಬಿಗಿದರು. ಅಷ್ಟರಲ್ಲಿ ಶಾಯಿನೀರು ಆರಿ ಹೆಣದಂತೆ ತಣ್ಣಗಾಗಿತ್ತು. ಬಿಸಿ ಇಲ್ಲದ ನೀರು ಮೇಲೇಳುವುದಿಲ್ಲ ಎಂದು ಟೀಚರ್ ನೂರು ಸಲ ಹೇಳಿದ್ದರು.

"ಕಾಸಿಕೊಂಡ ಬರತೇನ್ರಿ."

"ತೋರಸೂದಿದ್ರ ಈಗ ತೋರಸು. ನಾ ಸವದತ್ತಿಗೆ ಹೋಗಬೇಕ."

ಮಾಂತೇಶನ ಸಿಟ್ಟು ನೆತ್ತಿಗೇರಿತು. "ಸಾಹೇಬ್ರ, ಇದಕ್ಕೂ ನನಗೂ ಸಂಬಂಧ ಇಲ್ರಿ! ಎಲ್ಲಾ ಈ ಸಿದ್ದಲಿಂಗವ್ವನ ಕಾರಭಾರ, ಎರಡ ಕಿಲೋ ಉಪ್ಪ ಸುರುವ್ಯಾಳ! ಏನ ಕೇಳೂದಿದ್ರೂ ಆಕಿನ್ನ ಕೇಳ್ರಿ!"

ನಲ್ಲಿ ತಿರುವಿದವನೇ ಬೆನ್ನು ತಿರುಗಿಸಿ ನಿಂತ. ಹಿಂದಿನಿಂದ ಚಪ್ಪಾಳೆಯೋ ಚಪ್ಪಾಳೆ! ತಿರುಗಿ ನೋಡಿದರೆ ಚಿಮಣಿಯಿಂದ ಕರಿ ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಿದೆ!

"ಉಪ್ಪು ಹೆಚ್ಚಾಗಿ ತೊಟ್ಟಿ ನೀರು ಭಾರ ಆಗೇದ!" ಪದ್ಮಜಾ ಟೀಚರ್ ಕುಣಿದರು. "ಶಾಯಿನೀರು ಹಗುರ, ತಣ್ಣಗಿದ್ರೂ ಏರ್ತದ! ಎಂಥಾ ತಲಿ ನಿಂದು, ಸಿದ್ದಲಿಂಗವ್ವಾ!"

"ಸಾಹೇಬ್ರ, ಚಿಮಣಿ ನಂದ್ರಿ... ನಳಗಿ ನಂದ್ರಿ..."

"ಸಂಬಂಧ ಇಲ್ಲ ಅಂತ ಈಗ ಒದರಿದೆಲ್ಲೋ!" ವೀರಪ್ಪನವರು ಶಾಲು ತೆಗೆದು ಸಿದ್ದಲಿಂಗವ್ವನಿಗೆ ಹೊದಿಸಿದರು. "ನಾಳಿಂದ ಲ್ಯಾಬಿಗೆ ಬಾರವ್ವಾ."

"ಮತ್ತ ಮುನ್ನೂರ ಹುಡುಗೂರ ಅಡಿಗಿ ಯಾರ ಮಾಡಬೇಕ್ರಿ?"

ಹನುಮಪ್ಪ ಮಾಂತೇಶನ ಹೆಗಲಿಗೆ ಕೈ ಹಾಕಿದ. "ಈ ತಮ್ಮ ಖಾಲಿನ ಅದಾನಲ್ರಿ."

ಸಿದ್ದಲಿಂಗವ್ವ ಹತ್ತಿರ ಬಂದು ಅಕ್ಕರೆಯಿಂದ ಹೇಳಿದಳು: "ಮುಂಜಾನಿ ಏಳಕ್ಕ ಬಾ ತಮ್ಮಾ. ಐದ ಕಿಲೋ ಉಳ್ಳಾಗಡ್ಡಿ ಹೆಚ್ಚೂದೈತಿ. ಕಣ್ಣೀರ ಬರತಾವ, ಹೆದರಬ್ಯಾಡ."

ಅವು ಆಗಲೇ ಬಂದಿದ್ದವು.