ಕಾನ್ವೆಂಟಿನ ಹೊಲಿಗೆ ಕ್ಲಾಸು

ಕನ್ಯಾಸ್ತ್ರೀಯರು ನಡೆಸುವ ಹೊಲಿಗೆ ಕೇಂದ್ರಗಳಲ್ಲಿ ನಾನು ಟೀಚರ್ ಆಗಿ ಹನ್ನೊಂದು ವರ್ಷವಾಯಿತು. ಬರುವವರೆಲ್ಲ ಓದು ಅರ್ಧಕ್ಕೆ ನಿಂತ, ಮನೆಯಲ್ಲಿ ಕಷ್ಟವಿರುವ ಹುಡುಗಿಯರು. ಹಿಂದೂ, ಬ್ಯಾರಿ ಮುಸ್ಲಿಂ, ಕ್ರಿಶ್ಚಿಯನ್ ಎಲ್ಲರೂ ಉಂಟು. ಹೋಗುವಾಗ ಕೈಯಲ್ಲಿ ಒಂದು ಕೆಲಸ ಹಿಡಿದುಕೊಂಡೇ ಹೋಗುತ್ತಾರೆ. ಅಲ್ಲಿ ಸೂಜಿ ಮುರಿಯದ ದಿನ ಇರಬಹುದು, ನಗು ಬಾರದ ದಿನ ಇಲ್ಲ.

1. ಭಕ್ತಿ

ಬೆಳ್ತಂಗಡಿಯಲ್ಲಿ ಕೆಲಸಕ್ಕೆ ಮೊದಲು ಐದು ನಿಮಿಷ ಮೌನ ಪ್ರಾರ್ಥನೆ. ಅವರವರ ದೇವರನ್ನು ಅವರವರು ನೆನೆಯುವುದು. ವೇಣೂರು ಕಡೆಯ ಒಬ್ಬಳು ಮಾತ್ರ, ಉಳಿದವರು ಎದ್ದು ಹೊಲಿಗೆ ಮಿಷನ್ ಹತ್ತಿರ ಹೋದ ಮೇಲೂ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಸಿಸ್ಟರಿಗೆ ಬಹಳ ಸಂತೋಷ. ಭಕ್ತಿ ಅಂದರೆ ಹೀಗಿರಬೇಕು ಎಂದು ಒಂದು ದಿನ ಎಲ್ಲರಿಗೂ ಅವಳನ್ನು ತೋರಿಸಿದರು. ಅಷ್ಟರಲ್ಲಿ ಅವಳು ಸಣ್ಣಗೆ ಗೊರಕೆ ಹೊಡೆದಳು.

ವಿಚಾರಿಸಿದರೆ, ತಂದೆ ಇಲ್ಲದ ಮನೆ. ನಸುಕಿನಲ್ಲೇ ಎದ್ದು ಅಮ್ಮನ ಜೊತೆ ರಬ್ಬರ್ ಟ್ಯಾಪಿಂಗ್ ಮುಗಿಸಿ ಬಸ್ಸು ಹಿಡಿಯುತ್ತಿದ್ದಳು. ಕ್ಲಾಸು ಬಿಡಿಸಿಯಾರು ಎಂದು ಹೆದರಿ ಯಾರಿಗೂ ಹೇಳಿರಲಿಲ್ಲ. ಸಿಸ್ಟರ್ ಬೈಯಲಿಲ್ಲ. ಅವಳಿಗೆ ಒಂದು ಗಂಟೆ ತಡವಾಗಿ ಬರಲು ಹೇಳಿದರು, ಪ್ರಾರ್ಥನೆಯನ್ನೂ ಎರಡು ನಿಮಿಷಕ್ಕೆ ಇಳಿಸಿದರು. ಅದು ಯಾಕೆ ಎಂದು ಕೇಳಿದೆ.

"ಐದು ನಿಮಿಷ ಆದರೆ ನನಗೂ ನಿದ್ದೆ ಬರ್ತದೆ ಟೀಚರ್," ಅಂದರು.

2. ನಾಳೆ ಉಂಟು

ಮೂಡುಬಿದಿರೆಯಲ್ಲಿ ನಮ್ಮ ಬಟ್ಟೆ ಚೀಲಗಳ ಸ್ಟಾಲ್ ಹಾಕಿದ್ದೆವು. ತೋಡಾರಿನ ಹುಡುಗಿಯನ್ನು ಮಾರಲು ಕೂರಿಸಿದೆ. ಕೈಕೆಲಸ ಚಂದ, ಜನರ ಎದುರು ಬಾಯಿ ಮಾತ್ರ ಬರುವುದಿಲ್ಲ. ಗಿರಾಕಿಗೆ ಯಾವುದಕ್ಕೂ ಇಲ್ಲ ಅನ್ನಬೇಡ ಎಂದು ಹೇಳಿಕೊಟ್ಟಿದ್ದೆ.

ಒಬ್ಬರು ಹಿರಿಯ ಹೆಂಗಸು ಚೀಲ ಎತ್ತಿಕೊಂಡು ಜಿಪ್ ಉಂಟಾ ಎಂದರು. ಉಂಟು ಅಂದಳು. ಒಳಗೆ ಜೇಬು? ಅದೂ ಉಂಟು. ಅವರು ಚೀಲವನ್ನು ಒಳಹೊರಗು ಮಾಡಿ ನೋಡಿದರು.

"ಎಲ್ಲಿ ಉಂಟು ಮಾರಾಯ್ತಿ?"

"ನಾಳೆ ಉಂಟು ಅಮ್ಮ."

ಅವರು ನಗುತ್ತಾ ಹೋದರು. ಹುಡುಗಿ ಸಂಜೆಯೇ ಕೂತು ಜಿಪ್, ಜೇಬು ಎರಡನ್ನೂ ಹೊಲಿದಳು. ಮರುದಿನ ಆ ಅಮ್ಮ ನಿಜವಾಗಿಯೂ ಬಂದರು. ನೋಡಿ ಮೆಚ್ಚಿ, ಆರು ಚೀಲ ಬೇಕೆಂದರು. ಹಾಗಾದರೆ ಡಿಸ್ಕೌಂಟ್ ಉಂಟಾ ಎಂದು ಕೇಳಿದರು.

ನಮ್ಮ ಬಾಯಿ ಬಾರದ ಹುಡುಗಿ ತಲೆ ಎತ್ತದೆ ಹೇಳಿದಳು: "ಅದು ನಿನ್ನೆ ಇತ್ತು ಅಮ್ಮ."

3. ಅಳತೆ

ಬಂಟ್ವಾಳದ ಕ್ಲಾಸಿಗೆ ಚರ್ಚಿನ ಫಾದರ್ ಒಂದು ಲೋಬ ಹೊಲಿಯಲು ಕೊಟ್ಟರು. ಲೋಬ ಅಂದರೆ ಪಾದ್ರಿಗಳು ಹಾಕುವ ಉದ್ದದ ನಿಲುವಂಗಿ. ಅದು ಸರಿ ಬಂದರೆ ಹಾಡುವ ತಂಡದವರ ಬಟ್ಟೆಯೂ ನಮಗೆ, ಕೆಟ್ಟರೆ ಎಲ್ಲವೂ ಮಂಗಳೂರಿನ ಟೈಲರಿಗೆ. ಫಾದರ್ ಒಳ್ಳೆಯ ಗಾತ್ರದವರು. ಅಳತೆಯ ದಿನ ನನಗೆ ಜ್ವರ. ಕ್ಲಾಸಿನಲ್ಲಿ ಎಲ್ಲರಿಗಿಂತ ಜಾಣೆಯಾದ ಹುಡುಗಿಗೆ ಒಪ್ಪಿಸಿದ್ದೆ. ಅವಳು ಬರೆದುಕೊಟ್ಟ ಚೀಟಿ ನೋಡಿ ನಾನೇ ಬಟ್ಟೆ ಕತ್ತರಿಸಿದೆ.

ಫಾದರ್ ಬರುವ ದಿನ ಬೆಳಿಗ್ಗೆ ಹುಡುಗಿ ಅಳಲು ಶುರು ಮಾಡಿದಳು. ನಾಚಿಕೆಯಾಗಿ ಫಾದರಿಗೆ ಟೇಪು ಹಿಡಿದೇ ಇರಲಿಲ್ಲವಂತೆ. ಫಾದರ್ ಅವರ ತಲೆ ಬಾಗಿಲಿನ ಮೇಲಿನ ಚಿಲಕದವರೆಗೆ ಬಂದದ್ದು ನೋಡಿ ಎತ್ತರ ಬರೆದಿದ್ದಳು. ಸೊಂಟ? ಅಂಗಳದಲ್ಲಿ ನೀರು ತುಂಬಿಸುವ ನೀಲಿ ಡ್ರಮ್ಮಿನಷ್ಟೇ ಕಂಡಿತು, ಅದನ್ನೇ ಅಳೆದೆ ಅಂದಳು.

ನನ್ನ ಜ್ವರ ಮತ್ತೆ ಬಂದಂತಾಯಿತು. ಫಾದರ್ ಬಂದರು, ಒಳಗೆ ಹೋಗಿ ಲೋಬ ಹಾಕಿಕೊಂಡು ಹೊರಗೆ ಬಂದರು. ಎಲ್ಲೂ ಎಳೆದಿಲ್ಲ, ಎಲ್ಲೂ ಜೋತಿಲ್ಲ. ಮಂಗಳೂರಿನವನು ಮೂರು ಸಲ ಅಳೆದರೂ ಹೊಟ್ಟೆಯ ಹತ್ತಿರ ಬಿಗಿಯಾಗ್ತಿತ್ತು, ನೀವು ಯಾವಾಗ ಅಳೆದದ್ದು ಎಂದು ಕೇಳಿದರು. ಸಿಸ್ಟರ್ ಫ್ಯಾನು ನೋಡಿದರು. ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಫಾದರ್ ಅಂಗಳಕ್ಕೆ ಇಳಿದು ಡ್ರಮ್ಮಿನ ಪಕ್ಕ ನಿಂತರು. ಅದನ್ನೊಮ್ಮೆ, ತಮ್ಮನ್ನೊಮ್ಮೆ ನೋಡಿಕೊಂಡರು. ಹಾಡುವ ತಂಡದ ಬಟ್ಟೆ ನೀವೇ ಹೊಲಿಯಿರಿ ಎಂದು ಹೇಳಿ, ಹುಡುಗಿಯನ್ನು ಹತ್ತಿರ ಕರೆದರು.

"ನನಗೆ ಇನ್ನೊಂದು ಲೋಬ ಬೇಕು. ಆದರೆ ಈಸ್ಟರ್ ಕಳೆಯಲಿ," ಅಂದರು. "ನಲವತ್ತು ದಿನದ ಉಪವಾಸ ಮುಗಿದ ಮೇಲೆ, ಅಲ್ಲಿ ಮೂಲೆಯಲ್ಲಿ ಉಂಟಲ್ಲ, ಆ ಸಣ್ಣ ಡ್ರಮ್ಮಿನ ಅಳತೆ ತಗೊಳ್ಳುವ."