ಹೈರಮ್‌ನ ಹೊಟ್ಟೆ ಮತ್ತು ಅಕಾಪುಲ್ಕೊ ಬಂದರು

ಎಲ್ಲದಕ್ಕೂ ಕಾರಣ ಆ ಹಾಳು ಮಾವಿನಕಾಯಿ. ಕನೆಕ್ಟಿಕಟ್‌ನಲ್ಲಿ ಟೋಪಿ ಮಾಡಿಕೊಂಡಿದ್ದ ಹೈರಮ್ ಟಟಲ್ ಹುಟ್ಟಿದಾಗಿನಿಂದ ಮಾವಿನ ಮುಖ ಕಂಡವನಲ್ಲ. ಚಿನ್ನ ತೋಡಲು ಕ್ಯಾಲಿಫೋರ್ನಿಯಾಕ್ಕೆ ಹೊರಟು ಪನಾಮಾದಲ್ಲಿ ಹಡಗು ಹತ್ತುವಾಗ ಇದೂ ಸೇಬಿನ ಜಾತಿಯೇ ಇರಬೇಕು ಅಂದುಕೊಂಡು ಜೇಬು ತುಂಬ ತುಂಬಿಕೊಂಡ. ಹುಳ ಹರಿದಾಡುವ ಹಡಗಿನ ಬಿಸ್ಕತ್ತು ತಿಂದು ತಿಂದು ನಾಲಿಗೆ ಕೆಟ್ಟಾಗ, ನಡುದಾರಿಯ ಅಕಾಪುಲ್ಕೊ ಬಂದರು ಮುಟ್ಟುವ ಹಿಂದಿನ ಸಂಜೆ ಅಷ್ಟನ್ನೂ ಒಂದೇ ಸಲಕ್ಕೆ ಮುಗಿಸಿದ. ಅಷ್ಟು ಹೊತ್ತಿಗೆ ಅವು ಅರ್ಧ ಹಣ್ಣು, ಅರ್ಧ ಕೊಳೆ.

ಬೆಳಗಾಗುವಷ್ಟರಲ್ಲಿ ಹೊಟ್ಟೆಯೊಳಗೆ ಯಾರೋ ಒಗೆದ ಬಟ್ಟೆ ಹಿಂಡಿದ ಹಾಗೆ ಆಗತೊಡಗಿತು.

ಬೇರೆ ಕಾಲವಾಗಿದ್ದರೆ ಹೊಟ್ಟೆನೋವು ದೊಡ್ಡ ಸಂಗತಿಯಲ್ಲ. ಆದರೆ ಆ ವರ್ಷ ದಾರಿಯುದ್ದಕ್ಕೂ ಕಾಲರಾ. ವಾಂತಿಯೋ ಭೇದಿಯೋ ಶುರುವಾದವರನ್ನೆಲ್ಲ ಅಕಾಪುಲ್ಕೊದಲ್ಲಿ ಇಳಿಸಿಬಿಡ್ತೀನಿ ಅಂತ ಕ್ಯಾಪ್ಟನ್ ಹಿಂದಿನ ದಿನವೇ ಗುಡುಗಿದ್ದ. ಇಳಿದರೆ ಮತ್ತೆ ಯಾವ ಹಡಗಿನಲ್ಲಿ ಜಾಗ? ಬಂದದ್ದೆಲ್ಲ ತುಂಬಿಕೊಂಡೇ ಬರುತ್ತಿದ್ದವು. ಅತ್ತ ಕ್ಯಾಲಿಫೋರ್ನಿಯಾದಲ್ಲಿ ಹೈರಮ್‌ನ ಭಾವಮೈದ ನದಿ ದಡದಲ್ಲಿ ಚಿನ್ನದ ಜಾಗ ಹಿಡಿದು, ಒಬ್ಬನೇ ತೋಡುತ್ತ ಇವನ ದಾರಿ ಕಾಯುತ್ತಿದ್ದ. ಅವನು ಜ್ವರ ಬಂದು ಒಂದು ವಾರ ಮಲಗಿದರೂ ಮುಗಿಯಿತು. ಗುದ್ದಲಿ ಆಡದ ಜಾಗ ಮೊದಲು ಬಂದವನ ಪಾಲು, ಅದು ಗಣಿಯವರ ಕಟ್ಟುಪಾಡು. ಅಂಗಡಿ ಮಾರಿ, ಹೆಂಡತಿ ಡೆಬೊರಾಳನ್ನು ಅತ್ತೆ ಮನೆಯಲ್ಲಿ ಬಿಟ್ಟು ಹೊರಟವನು ಯಾವ ಮುಖ ಹೊತ್ತು ಹಿಂದಿರುಗಬೇಕು?

"ಯಾಕಯ್ಯಾ ಹೈರಮ್, ಮುಖ ಯಾಕೋ ಹಸಿರಾಗಿದೆ?" ಪಕ್ಕದ ಮಲಗುಹಲಗೆಯಿಂದ ಜೋತಮ್ ಕತ್ತು ಚಾಚಿದ. ಹೈರಮ್‌ನ ಹಲಗೆಗೆ ಗಾಳಿಕಿಂಡಿ ಇತ್ತು, ಜೋತಮ್‌ನದಕ್ಕೆ ಇರಲಿಲ್ಲ. ಅಂದಮೇಲೆ ಅವನ ಕಾಳಜಿ ಎಂಥದ್ದು ಅಂತ ನಾನು ಬಿಡಿಸಿ ಹೇಳಬೇಕಾ?

"ಬೆಳಕು ಹಾಗೆ ಬೀಳ್ತಿದೆ ಅಷ್ಟೆ."

"ಬೆಳಕಲ್ಲಪ್ಪಾ ಅದು!" ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಊಟದ ಮನೆ ತೆರೆಯಲು ಹೊರಟಿದ್ದ ವಿಧವೆ ಪೆಕ್ ಅಮ್ಮ ಪರದೆ ಸರಿಸಿ ಬಂದೇ ಬಿಟ್ಟಳು. "ನನ್ನ ಯಜಮಾನರಿಗೂ ಹೀಗೇ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಹೋಗೇಬಿಟ್ರು. ನಾಲಿಗೆ ಚಾಚು ನೋಡೋಣ."

ನಾಲಿಗೆ ಚಾಚಿದರೆ ಅದರ ಹಿಂದೆ ಇನ್ನೇನು ಬರುತ್ತೋ ಎಂಬ ಭಯ ಹೈರಮ್‌ಗೆ. ಬಾಯಿಗೆ ಕೈ ಅಡ್ಡ ಹಿಡಿದು ಮೇಲಕ್ಕೆ ಓಡಿದ. ಹಡಗಿನ ಮೇಲಟ್ಟದ ತುಂಬ ಜನ. ಯಾರಿಗೂ ಕಾಣದ ಜಾಗ ಅಂದರೆ ಹಾಯಿಕಂಬದ ಪಕ್ಕ ಎತ್ತರಕ್ಕೆ ಕಟ್ಟಿದ್ದ ದೋಣಿ ಒಂದೇ. ಯಾರೂ ನೋಡದ ಗಳಿಗೆ ನೋಡಿ ಅದರ ಹೊದಿಕೆಯೊಳಗೆ ತೂರಿಕೊಂಡ. ಅಲ್ಲಿ ಏನೇನು ಮಾಡಿಕೊಂಡ ಅಂತ ಕೇಳಬೇಡಿ. ಹೊಟ್ಟೆ ಖಾಲಿಯಾಗಿ, ಸುಸ್ತಿಗೆ ಹಾಗೇ ನಿದ್ದೆ ಹತ್ತಿತು.

ಎಚ್ಚರವಾದಾಗ ಕೆಳಗಡೆ ಗದ್ದಲ.

"ನಾನೇ ಕಂಡಿದ್ದು ಸಾಮಿ," ಜೋತಮ್‌ನ ದನಿ ಗದ್ಗದವಾಗಿತ್ತು. "ಬಾಯಿ ಮುಚ್ಕೊಂಡು ಓಡ್ದ. ಕಟಕಟೆಯಿಂದ ಆಚೆ ಬಗ್ಗಿರ್ತಾನೆ, ಜಾರಿರ್ತಾನೆ. ಹಡಗೆಲ್ಲಾ ಹುಡುಕಿದ್ವಿ, ಎಲ್ಲೂ ಇಲ್ಲ. ಬಂಗಾರದಂಥ ಮನುಷ್ಯ."

ಹೈರಮ್ ಮೊಣಕೈ ಊರಿ ಎದ್ದ. ಹಡಗಿನಲ್ಲಿ ಯಾರಾದರೂ ಸತ್ತರೆ ಅವತ್ತೇ ಅವರ ಸಾಮಾನನ್ನು ಕಂಬದ ಬುಡದಲ್ಲಿ ಹರಾಜು ಹಾಕುವುದು ವಾಡಿಕೆ. ಹೊದಿಕೆಯ ಸಂದಿನಿಂದ ಇಣುಕಿದರೆ, ಅವನ ಪೆಟ್ಟಿಗೆ ಬಾಯಿ ತೆರೆದುಕೊಂಡು ಕೂತಿತ್ತು.

ಗುದ್ದಲಿ ಹೋಯಿತು. ಮರಳು ಜಾಲಿಸುವ ತಟ್ಟೆ ಹೋಯಿತು. ಒಳಚಡ್ಡಿಗೂ ಇಬ್ಬರು ಪೈಪೋಟಿ ಮಾಡಿದರು! ಹೈರಮ್ ಹಲ್ಲು ಕಚ್ಚಿ ಕೂತ. ಇಳಿದು ಹೋದರೆ ಈ ಸುಣ್ಣದ ಮುಖ ನೋಡಿ ಹಡಗಿನ ಡಾಕ್ಟರ್ ಬಿಡುತ್ತಾನಾ? ಹೋದರೆ ಹೋಗಲಿ, ಬಂದರು ದಾಟಲಿ, ಆಮೇಲೆ ನೋಡಿಕೊಂಡರಾಯಿತು.

"ಇದೋ, ಉಣ್ಣೆ ಕಂಬಳಿ! ಕೈಯಲ್ಲೇ ಹೆಣೆದದ್ದು!"

ಡೆಬೊರಾ ಒಂದಿಡೀ ಚಳಿಗಾಲ ಒಲೆ ಮುಂದೆ ಕೂತು ಹೆಣೆದ ಕಂಬಳಿ ಅದು. ಪೆಕ್ ಅಮ್ಮ ಅದನ್ನು ಆಗಲೇ ಹೆಗಲ ಮೇಲೆ ಹೊದ್ದು, "ನಂಗೆ ಒಪ್ಪುತ್ತಲ್ವಾ?" ಅಂತ ಸುತ್ತ ತಿರುಗಿ ತೋರಿಸುತ್ತಿದ್ದಳು. ಇನ್ನು ತಡೆದುಕೊಳ್ಳಲು ಹೈರಮ್‌ನಿಂದ ಆಗಲಿಲ್ಲ.

"ಮುಟ್ಟಬೇಡಿ ಅದನ್ನ!" ಅಂತ ಕೂಗುತ್ತ ದೋಣಿಯಿಂದ ಧೊಪ್ಪನೆ ಕೆಳಗೆ ಬಿದ್ದ.

ಪೆಕ್ ಅಮ್ಮ ಕಿಟಾರನೆ ಕಿರುಚಿದಳು. ಇಬ್ಬರು ಶಿಲುಬೆಯ ಗುರುತು ಮಾಡಿಕೊಂಡರು. ಜೋತಮ್ ಮಾತ್ರ, "ಸತ್ತಿಲ್ವಾ?" ಅಂತ ಬೇಸರದಿಂದ ಕೇಳಿದ. ತಕ್ಷಣ ಸುಧಾರಿಸಿಕೊಂಡು, "ಆದ್ರೂ ಕಾಯಿಲೆ ಬಿದ್ದಿದ್ದಾನೆ ಡಾಕ್ಟರೇ, ಮುಖ ನೋಡಿ!" ಅಂದ.

ಡಾಕ್ಟರ್ ಗ್ರಿಮ್ಸ್ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದ. ದೂರದಲ್ಲಿ ಅಕಾಪುಲ್ಕೊದ ಗುಡ್ಡಗಳು ಆಗಲೇ ಕಾಣುತ್ತಿದ್ದವು.

"ಕಾಯಿಲೆನಾ? ನಂಗಾ?" ಹೈರಮ್ ನಕ್ಕ. ಆ ನಗೆ ಅಳುವಿಗೆ ಅಕ್ಕತಂಗಿಯ ಹಾಗಿತ್ತು. "ಗಾಳಿ ಚೆನ್ನಾಗಿತ್ತು, ಒಂದು ನಿದ್ದೆ ತೆಗೆದೆ. ಹಸಿವು ಅಂದ್ರೆ ಹಸಿವು! ಯಾರಾದ್ರೂ ಹಂದಿಮಾಂಸ ಕೊಡ್ರಯ್ಯಾ!"

ಉಪ್ಪು ಹಾಕಿದ ಹಂದಿಮಾಂಸ ಬಂತು. ಅದರಲ್ಲಿ ಮಾಂಸಕ್ಕಿಂತ ಕೊಬ್ಬೇ ಹೆಚ್ಚು, ಬಿಳಿಯದು, ಅಲುಗಾಡುವಂಥದ್ದು. ಹೈರಮ್ ಕಣ್ಣು ಮುಚ್ಚಿ ಬಾಯಿಗಿಟ್ಟ. ಅದು ಒಳಗೆ ಹೋಗಲಾರೆ ಅಂದಿತು, ಇವನು ಹೊರಗೆ ಬಿಡಲಾರೆ ಅಂದ. ಕೊನೆಗೆ ಇವನೇ ಗೆದ್ದ. ಇನ್ನೊಂದು ತುಂಡು ಕೇಳಿದ. ಡಾಕ್ಟರನ ಹುಬ್ಬು ಇನ್ನೂ ಗಂಟಿಕ್ಕಿಯೇ ಇದ್ದದ್ದು ಕಂಡು, "ಪಿಟೀಲು ಯಾರ ಹತ್ರ ಇದೆ?" ಅಂತ ಕೂಗಿ ಕುಣಿಯುವುದಕ್ಕೇ ನಿಂತ. ಬೆವರು ಧಾರಾಕಾರ, ಕಣ್ಣಿಗೆ ಕತ್ತಲೆ, ಆದರೂ ಕಾಲು ನಿಲ್ಲಿಸಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಕ್ಯಾಪ್ಟನ್ ಕೂಡ ಮೇಲಿನಿಂದ ಬಗ್ಗಿ ನೋಡಿದ.

"ಸಾಕು, ಸಾಕು!" ಡಾಕ್ಟರ್ ನಗುತ್ತ ಅವನ ಬೆನ್ನು ತಟ್ಟಿದ. "ಕ್ಯಾಪ್ಟನ್ ಸಾಹೇಬ್ರೇ, ಈ ಹಡಗಲ್ಲಿ ಇವನಷ್ಟು ಗಟ್ಟಿ ಆಸಾಮಿ ಇನ್ನೊಬ್ಬ ಇಲ್ಲ!"

ಹೈರಮ್ ಕಂಬಳಿ ಕಿತ್ತುಕೊಂಡು ಎದೆಗವಚಿಕೊಂಡ. ಗೆದ್ದೆ ಡೆಬೊರಾ, ಗೆದ್ದೆ ಅಂತ ಮನಸ್ಸಿನಲ್ಲೇ ಕೂಗಿಕೊಂಡ.

ಲಂಗರು ಬಿತ್ತು. ಬಂದರಿನ ಅಧಿಕಾರಿ ದೋಣಿಯಲ್ಲಿ ಬಂದು, ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಕ್ಯಾಪ್ಟನ್ ಜೊತೆ ಜಗಳವಾಡಿ ಹೋದ. ಕ್ಯಾಪ್ಟನ್ ಕೆಂಪು ಮುಖ ಮಾಡಿಕೊಂಡು ಎಲ್ಲರನ್ನೂ ಸೇರಿಸಿದ.

"ಕೇಳ್ರಪ್ಪಾ. ಕಾಯಿಲೆಯವರು ಒಬ್ರೂ ಈ ನೆಲಕ್ಕೆ ಕಾಲಿಡಬಾರದಂತೆ. ಅವರೆಲ್ಲ ಹಡಗಲ್ಲೇ ಇರ್ತಾರೆ. ಇತ್ತ ನಮ್ಮ ನೀರಿನ ತೊಟ್ಟಿ ಒಂದು ಒಡೆದು ಸೋರಿ ಹೋಗಿದೆ, ಉಳಿದದ್ದರಲ್ಲಿ ಎಷ್ಟು ತುಂಬಿದ್ರೂ ಇಷ್ಟು ತಲೆಗೆ ನೀರು ಸಾಲಲ್ಲ. ಅದಕ್ಕೇ ಆರೋಗ್ಯವಾಗಿರೋರು ಕೆಲವರು ಇಲ್ಲಿ ಇಳೀಬೇಕು. ಮುಂದೆ ಬರೋ ಹಡಗಲ್ಲಿ ಜಾಗ ಇದ್ರೆ ಹತ್ತಿಸ್ಕೊಳ್ತಾರೆ."

ಮರುಗಳಿಗೆಗೆ ಹಡಗೇ ಆಸ್ಪತ್ರೆಯಾಯಿತು. "ಅಯ್ಯೋ ಹೊಟ್ಟೆ!" ಅಂತ ಜೋತಮ್ ನಿಂತಲ್ಲೇ ಬಿದ್ದು ಹೊರಳಿದ. ಪೆಕ್ ಅಮ್ಮ, "ನನ್ನ ಯಜಮಾನರ ಕಾಯಿಲೆ ನಂಗೂ ಬಂತು!" ಅಂತ ನಾಲಿಗೆ ಚಾಚಿ ಕೂತಳು.

"ಬೆಳಿಗ್ಗೆ ಕುಣಿದನಲ್ಲ, ಎಲ್ಲಿ ಆ ಟೋಪಿಯವನು?" ಕ್ಯಾಪ್ಟನ್ ಕೂಗಿದ. "ಮೊದಲು ಅವನು ಇಳೀಲಿ!"

ಹೈರಮ್ ಓಡಿಬಂದು ಕೈ ಮುಗಿದ. "ಸಾಹೇಬ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ನಂಗೆ ನಿಜವಾಗ್ಲೂ ಕಾಯಿಲೆ! ಬೆಳಗಿನ ಜಾವದಿಂದ ವಾಂತಿ! ಕುಣಿದದ್ದು ಸುಳ್ಳು! ಜೋತಮ್, ನೀನಾದ್ರೂ ಹೇಳೋ, ನೀನೇ ಕಂಡಿದ್ದೆ ಅಂದ್ಯಲ್ಲ!"

ಜೋತಮ್ ಹೊರಳಾಟ ನಿಲ್ಲಿಸಿ ತಲೆಯೆತ್ತಿದ. "ಸುಳ್ಳು ಹೇಳಬಾರದು ಹೈರಮ್, ದೇವರು ಮೆಚ್ಚಲ್ಲ. ಕುದುರೆ ಕುಣಿದ ಹಾಗೆ ಕುಣಿದೆ ನೀನು," ಅಂದು ಮತ್ತೆ ಹೊಟ್ಟೆ ಹಿಡಿದುಕೊಂಡ.

ಹೈರಮ್‌ನನ್ನು ಕಂಬಳಿ ಸಮೇತ ಹಗ್ಗ ಕಟ್ಟಿ ದೋಣಿಗಿಳಿಸಿದರು. ದೋಣಿ ದಡದತ್ತ ತಿರುಗುವಷ್ಟರಲ್ಲೇ ಅವನು ಅಂಚಿಗೆ ಬಗ್ಗಿ, ಹಡಗಿನವರೆಲ್ಲ ನೋಡುತ್ತಿದ್ದ ಹಾಗೆ, ಕರುಳೇ ಕಿತ್ತು ಬರುವಂತೆ ಕಾರತೊಡಗಿದ.

ಡಾಕ್ಟರ್ ಗ್ರಿಮ್ಸ್ ಮೇಲಿನಿಂದ ಕರುಣೆಯಿಂದ ತಲೆಯಾಡಿಸಿದ.

"ಪಾಪ, ಸಮುದ್ರ ಒಗ್ಗಲಿಲ್ಲ ಅವನಿಗೆ. ನೆಲಕ್ಕೆ ಕಾಲಿಟ್ರೆ ಸರಿಹೋಗ್ತಾನೆ."